ತರಗು ಬೆಂಕಿಯ ಪಾಠ

ಸಂಕ್ರಾಂತಿಯ ಆಸುಪಾಸಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಎಲೆಯುದುರುವ ಕಾಡುಗಳಲ್ಲಿ ತರಗು ನೆಲ ಮುಚ್ಚತೊಡಗುತ್ತದೆ. ಹುಲ್ಲು ತುದಿಯಲ್ಲಿ ಒಣಗಿದ್ದರೂ ಬುಡದಲ್ಲಿ ಇನ್ನೂ ಹಸಿಯಿರುತ್ತದೆ. ರಾತ್ರಿಯಾದರೆ ಇಬ್ಬನಿ ಬೀಳುತ್ತದೆ. ಅಲ್ಲಿನ ಬುಡಕಟ್ಟು ಜನರಾದ ಸೋಲಿಗರು ತಲೆಮಾರುಗಳ ಕಾಲ ಕಾಡಿಗೆ ಬೆಂಕಿ ಹಾಕುತ್ತಿದ್ದುದು ಈ ಹೊತ್ತಿನಲ್ಲಿ. ಅದನ್ನು ಅವರು ತರಗು ಬೆಂಕಿ ಎಂದು ಕರೆಯುತ್ತಾರೆ. ಹೆಸರಿನಲ್ಲೇ ಅದರ ಅಳತೆ ಇದೆ: ಸುಡಬೇಕಾದದ್ದು ತರಗನ್ನು, ಮರವನ್ನಲ್ಲ. ಮೊಣಕಾಲೆತ್ತರದ ಉರಿ ಒಂದಷ್ಟು ದೂರ ಹರಿದು, ತಂಪು ತಗುಲಿದಲ್ಲಿ ತಾನೇ ನಂದಿಹೋಗುತ್ತಿತ್ತು. ಒಂದು ಕಡೆ ಸುಟ್ಟರೆ ಇನ್ನೊಂದು ಕಡೆ ಹಾಗೇ ಉಳಿಯುತ್ತಿತ್ತು. ಹೀಗೆ ಸುಟ್ಟಲ್ಲಿ ಹೊಸ ಹುಲ್ಲು ಚಿಗುರಿ ಕಡವೆ, ಕಾಟಿಗಳಿಗೆ ಮೇವಾಗುತ್ತಿತ್ತು, ಉಣ್ಣೆ ಕಡಿಮೆಯಾಗುತ್ತಿತ್ತು, ನಡೆವ ದಾರಿ ತೆರವಾಗಿ ಎದುರಿಗೆ ಆನೆ ನಿಂತಿದ್ದರೆ ದೂರದಿಂದಲೇ ಕಾಣುತ್ತಿತ್ತು. ಇದೇ ಕೆಲಸವನ್ನು ಮಾರ್ಚ್ ಕೊನೆಯಲ್ಲಿ ಮಾಡಿದರೆ ಕಾಡೇ ಹೋಗುತ್ತದೆ. ಎರಡು ತಿಂಗಳ ಈ ಅಂತರದಲ್ಲಿ ಒಂದು ಪೂರ್ತಿ ಶಾಸ್ತ್ರ ಅಡಗಿದೆ. ನೆಲದ ತಿಳಿವಳಿಕೆಯನ್ನು ಶಾಲೆಗೂ ವಿಶ್ವವಿದ್ಯಾಲಯಕ್ಕೂ ತರಬೇಕೆಂಬ ಮಾತು ಇಂದು ಎಲ್ಲೆಡೆ ಕೇಳುತ್ತಿದೆ. ಅದು ಹೇಗೆ ಬರಬೇಕು, ಯಾವ ಬಾಗಿಲಿನಿಂದ ಬರಬೇಕು ಎಂಬುದನ್ನು ಯೋಚಿಸಲು ಈ ತರಗು ಬೆಂಕಿಯ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಸೋಲಿಗರಿಗೆ ಬೆಟ್ಟವೆಂದರೆ ಹೆಸರಿಲ್ಲದ ಹಸಿರು ರಾಶಿಯಲ್ಲ. ಒಂದೊಂದು ಕುಲಕ್ಕೂ ಒಂದೊಂದು ಯೆಲ್ಲೆ. ಯೆಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ, ಸತ್ತವರಿಗೆ ಕಲ್ಲಿಡುವ ಕಲ್ಲುಗುಡಿ. ರಂಗನಾಥಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು, ಆದ್ದರಿಂದ ಅವರಿಗೆ ಅವನು ಭಾವ. ಬೆಟ್ಟದ ಸುತ್ತಲ ಆಡಳಿತ ಮಾತ್ರ ಹಲವು ಕೈಗಳಲ್ಲಿ ಹಂಚಿಹೋಗಿತ್ತು. ಯಳಂದೂರು ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು, ಕೊಳ್ಳೇಗಾಲದ ಕಡೆ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಉಳಿದದ್ದು ಮೈಸೂರಿನದು. ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ಯುರೋಪಿನ ಅರಣ್ಯಶಾಸ್ತ್ರವನ್ನು ಕಲಿತು ಬಂದ ಅಂದಿನ ಅಧಿಕಾರಿಗಳಿಗೆ ಬೆಂಕಿ ಎಂದರೆ ಶತ್ರು, ಬೆಂಕಿ ಹಾಕುವವನು ಕಳ್ಳನಿಗೆ ಸಮ. ಆ ಪಾಠಕ್ಕೆ ಅಪವಾದ ಅವರ ಕಣ್ಣೆದುರಿಗೇ ಇತ್ತು. ಬಂಗಾಳ, ಅಸ್ಸಾಂಗಳ ತೇವದ ಸಾಲ ಕಾಡುಗಳಲ್ಲಿ ಬೆಂಕಿಯನ್ನು ತಡೆದಷ್ಟೂ ಹೊಸ ಸಸಿ ಏಳದೆ ಹೋಗುವುದನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅರಣ್ಯಾಧಿಕಾರಿಗಳೇ ಗಮನಿಸಿ, ಕೆಲವೆಡೆ ಹತೋಟಿಯ ಬೆಂಕಿಯನ್ನು ತಾವೇ ಮತ್ತೆ ಹಾಕಿಸಿದರು. ಕುಮರಿ ಬೇಸಾಯ ಮಾಡುವ, ತರಗಿಗೆ ಬೆಂಕಿ ಇಡುವ ಜನರಿಗೆ ಇದು ಮೊದಲೇ ಗೊತ್ತಿದ್ದಿರಬಹುದೇ ಎಂಬ ಪ್ರಶ್ನೆ ಮಾತ್ರ ಪಠ್ಯಪುಸ್ತಕದ ಒಳಗೆ ಬರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಅಭಯಾರಣ್ಯದಲ್ಲಿ ಬೆಂಕಿ ಹಾಕುವುದನ್ನು ನಿಷೇಧಿಸಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಕುಮರಿ ನಿಂತಿತು, ಕಾಡಿನೊಳಗೆ ಚದುರಿದ್ದ ಮನೆಗಳು ಪೋಡುಗಳಾಗಿ ಒಂದೆಡೆ ಕೂಡಿದವು, ತರಗು ಬೆಂಕಿ ಆರಿತು.

ಆಮೇಲಿನ ಕಥೆ ಲಂಟಾನದ್ದು. ಹೂವಿನ ಅಂದಕ್ಕಾಗಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಉಷ್ಣವಲಯದಿಂದ ಕಲ್ಕತ್ತೆಯ ಸಸ್ಯತೋಟಕ್ಕೆ ಬಂದ ಈ ಗಿಡ ದೇಶದ ಒಣಕಾಡುಗಳನ್ನೆಲ್ಲ ಹೊಕ್ಕಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಹಬ್ಬಿದ ವೇಗಕ್ಕೆ ಲೆಕ್ಕ ಇದೆ. 1997ರಲ್ಲಿ ಸಂಶೋಧಕರು ಕಾಡಿನುದ್ದಕ್ಕೂ ಗುರುತು ಮಾಡಿದ್ದ 134 ತಾಕುಗಳನ್ನು 2008ರಲ್ಲಿ ಮತ್ತೆ ಅಳೆದಾಗ, ಲಂಟಾನ ಇದ್ದ ತಾಕುಗಳು ಶೇ. 41ರಿಂದ ಶೇ. 81ಕ್ಕೆ ಏರಿದ್ದವು. ಮೊದಲ ಎಣಿಕೆಯಲ್ಲಿ ಇಪ್ಪತ್ತು ಕಾಂಡಗಳಲ್ಲಿ ಒಂದು ಲಂಟಾನದ್ದಾಗಿದ್ದರೆ, ಎರಡನೆಯದರಲ್ಲಿ ಮೂರರಲ್ಲಿ ಒಂದು ಅದರದ್ದಾಗಿತ್ತು. ಹನ್ನೊಂದೇ ವರ್ಷದಲ್ಲಿ ಕಾಡಿನ ಕೆಳಹಂತ ಬೇರೆಯದೇ ಆಯಿತೆಂದರೆ ತಪ್ಪಾಗದು. ಅದೇ ಹೊತ್ತಿಗೆ ನೆಲ್ಲಿಮರಗಳಿಗೂ ಕೇಡು ಬಂದಿತ್ತು. ಸೋಲಿಗರು ಉಪ್ಪಿಲು ಎನ್ನುವ, ನಾವು ಬಂದಣಿಕೆ ಎನ್ನುವ ಅರೆಪರಾವಲಂಬಿ ಗಿಡ ನೆಲ್ಲಿಯ ಕೊಂಬೆಗಳನ್ನು ಹಿಡಿದು, ಕಾಯಿ ಕಡಿಮೆಯಾಗಿ ಮರಗಳು ಸಾಯುತ್ತಿದ್ದವು. ನೆಲ್ಲಿಕಾಯಿ ಸೋಲಿಗರ ಮುಖ್ಯ ಆದಾಯಗಳಲ್ಲಿ ಒಂದಾಗಿದ್ದರಿಂದ ಹೊರಗಿನವರ ಮೊದಲ ಅನುಮಾನ ಬಿದ್ದದ್ದು ಕಾಯಿ ಕೀಳುವವರ ಮೇಲೆ: ಅತಿಯಾಗಿ ಕಿತ್ತರು, ಅದಕ್ಕೇ ಹೊಸ ಮರ ಏಳುತ್ತಿಲ್ಲ. ಹಿರಿಯ ಸೋಲಿಗರ ಉತ್ತರ ಬೇರೆ. ತರಗು ಬೆಂಕಿ ಇದ್ದಾಗ ಲಂಟಾನದ ಸಸಿ ಎಳೆಯದರಲ್ಲೇ ಸುಡುತ್ತಿತ್ತು, ಶಾಖ ಮೇಲೇರಿ ಉಪ್ಪಿಲು ಸಾಯುತ್ತಿತ್ತು; ಬೆಂಕಿ ನಿಲ್ಲಿಸಿದಿರಿ, ಎರಡೂ ಬೆಳೆದವು.

ಇಲ್ಲಿಂದ ಮುಂದೆ ನಡೆದದ್ದು ಈ ಚರಿತ್ರೆಯ ಬಹು ಮುಖ್ಯವಾದ ಭಾಗ, ಮತ್ತು ಅದು ವಿಜ್ಞಾನಿಗಳ ಗೌರವವನ್ನು ಹೆಚ್ಚಿಸುವ ಭಾಗ. 2005ರಲ್ಲಿ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ ಒಂದು ಊಹೆಯನ್ನು ಮುಂದಿಟ್ಟಿದ್ದರು: ಭಾರತದ ಕಾಡುಗಳಲ್ಲಿ ಬೆಂಕಿ ಮತ್ತು ಲಂಟಾನ ಒಂದನ್ನೊಂದು ಬೆಳೆಸುವ ಚಕ್ರದಲ್ಲಿವೆ. ಬೆಂಕಿ ಬಿದ್ದಲ್ಲಿ ಲಂಟಾನ ಮೊದಲು ಚಿಗುರುತ್ತದೆ, ಒಣಗಿದ ಲಂಟಾನ ಮುಂದಿನ ಬೆಂಕಿಗೆ ಸೌದೆಯಾಗುತ್ತದೆ. ಇದು ತರ್ಕಬದ್ಧವಾದ ಊಹೆ, ಹಲವು ಕಾಡುಗಳ ಅನುಭವಕ್ಕೆ ಹೊಂದುವಂಥದ್ದು. ಆದರೆ ಸೋಲಿಗರು ಹೇಳುತ್ತಿದ್ದುದು ಇದಕ್ಕೆ ತದ್ವಿರುದ್ಧ. ಅವರ ಮಾತನ್ನು ಅಜ್ಜ ಹೇಳಿದ ಕಥೆ ಎಂದು ಬದಿಗಿಡುವುದು ಸುಲಭವಿತ್ತು. ಇವರು ಹಾಗೆ ಮಾಡಲಿಲ್ಲ. ಸಿದ್ಧಾರ್ಥ ಕೃಷ್ಣನ್, ಗ್ಲ್ಯಾಡ್ವಿನ್ ಜೋಸೆಫ್ ಅವರೊಂದಿಗೆ ಸೇರಿ ಸೋಲಿಗರ ತಿಳಿವಳಿಕೆಯನ್ನೇ ಆಧಾರವಾಗಿಟ್ಟುಕೊಂಡು ಲಂಟಾನ ಹಬ್ಬಿದ ಬಗೆಯನ್ನು ಶೋಧಿಸಿ 2012ರಲ್ಲಿ ಪ್ರಕಟಿಸಿದರು. ಹೀಗೆ ಎರಡು ಮಾತನ್ನು ಎದುರುಬದುರು ಇಟ್ಟಾಗ ಕಾಣುವುದೇನು? ಎರಡೂ ಬೇರೆ ಬೇರೆ ಬೆಂಕಿಗಳ ಬಗ್ಗೆ ಆಡಿದ ಮಾತುಗಳು. ಬೇಸಿಗೆಯ ಕೊನೆಯಲ್ಲಿ ಬೀಳುವ ಉಗ್ರ ಬೆಂಕಿ ಲಂಟಾನಕ್ಕೆ ದಾರಿ ಮಾಡಿಕೊಡಬಹುದು. ಚಳಿಗಾಲದ ಅಂಚಿನಲ್ಲಿ, ಲಂಟಾನ ಇನ್ನೂ ವಿರಳವಾಗಿದ್ದಾಗ, ವರ್ಷವರ್ಷ ಹರಿಯುತ್ತಿದ್ದ ತಣ್ಣನೆಯ ಬೆಂಕಿ ಅದನ್ನು ಹದ್ದುಬಸ್ತಿನಲ್ಲಿಟ್ಟಿರಬಹುದು. ಇಂಗ್ಲಿಷಿನಲ್ಲೂ ಕಾನೂನಿನ ಪುಸ್ತಕದಲ್ಲೂ ಎರಡಕ್ಕೂ ಒಂದೇ ಹೆಸರಾದ್ದರಿಂದ ಈ ವ್ಯತ್ಯಾಸ ಅಷ್ಟು ಕಾಲ ಕಣ್ಣಿಗೆ ಬೀಳಲಿಲ್ಲ. ಸೋಲಿಗರ ನುಡಿಯಲ್ಲಿ ಒಂದಕ್ಕೆ ಪ್ರತ್ಯೇಕ ಹೆಸರೇ ಇತ್ತು. ನೆಲ್ಲಿಯ ವಿಷಯದಲ್ಲೂ ಹೀಗೆಯೇ: ಬಂದಣಿಕೆ ಹಿಡಿದ ಮರಗಳಲ್ಲಿ ಕಾಯಿ ಕುಗ್ಗುವುದನ್ನು ಅಳತೆಗಳು ತೋರಿಸಿದವು, 2010ರಲ್ಲಿ ಬಂದ ಇನ್ನೊಂದು ಅಧ್ಯಯನ ಸೋಲಿಗರ ಮಾತನ್ನೂ ಪರಿಸರ ವಿಜ್ಞಾನದ ಅಂಕಿಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿತು. ಕಾಯಿ ಕೀಳುವವನನ್ನು ಮಾತ್ರ ದೂರುವ ಸರಳ ವಿವರಣೆ ಆಮೇಲೆ ನಿಲ್ಲಲಿಲ್ಲ.

ಇಂಥ ತಿಳಿವಳಿಕೆಯನ್ನು ನಮ್ಮ ವಿಶ್ವವಿದ್ಯಾಲಯಗಳು ಎಲ್ಲಿಟ್ಟವು ಎಂದು ಕೇಳಬೇಕು. ಕನ್ನಡದಲ್ಲಿ ಇದಕ್ಕೊಂದು ಹೆಮ್ಮೆಯ ಚರಿತ್ರೆ ಇದೆ. ಜೀ.ಶಂ. ಪರಮಶಿವಯ್ಯನವರಂಥವರ ಶ್ರಮದಿಂದ ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದ ಒಂದು ವಿಷಯವಾಯಿತು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೇ ವಿಭಾಗ ಬಂತು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯ ನಿಂತಿತು. ಅಕ್ಷರವಿಲ್ಲದವರ ಮಾತಿಗೆ ಪದವಿಯ ಮನ್ನಣೆ ಕೊಟ್ಟ ಈ ಕೆಲಸ ಸಣ್ಣದಲ್ಲ. ಆ ಸಂಗ್ರಹಗಳಿಲ್ಲದಿದ್ದರೆ ಎಷ್ಟೋ ಹಾಡು, ಕಥನ, ಹೆಸರುಗಳು ಹಾಡುವವರ ಜೊತೆಗೇ ಮಣ್ಣಾಗುತ್ತಿದ್ದವು. ಆದರೂ ಈ ಮನ್ನಣೆಯಲ್ಲಿ ಒಂದು ಬಿರುಕು ಉಳಿಯಿತು. ಸೋಲಿಗರ ಗೊರುಗೊರುಕ ಹಾಡು ಜಾನಪದದ ಕೋಣೆಗೆ ಹೋಯಿತು, ಅವರ ಕಾಡು ಅರಣ್ಯಶಾಸ್ತ್ರದ ಕೋಣೆಗೆ ಹೋಯಿತು. ಎರಡು ಕೋಣೆಗಳ ನಡುವೆ ಬಾಗಿಲಿರಲಿಲ್ಲ. ಗಿಡಮರಗಳ ಹೆಸರು, ಹೂ ಬಿಡುವ ಹೊತ್ತು, ಹೆಜ್ಜೇನು ಬಂದು ಕೂರುವ ಕಾಲ ಎಲ್ಲ ಆ ಹಾಡು ಮಾತುಗಳೊಳಗೇ ಇದ್ದರೂ, ಸಂಗ್ರಾಹಕನ ಕಣ್ಣಿಗೆ ಅದು ವರ್ಣನೆಯಾಗಿ ಕಂಡಿತು, ಸಸ್ಯಶಾಸ್ತ್ರಜ್ಞನ ಕೈಗೆ ಅದು ತಲುಪಲೇ ಇಲ್ಲ. ಸಂಸ್ಕೃತಿ ಎಂದು ಹೊಗಳಿದ್ದನ್ನು ಒರೆಗೆ ಹಚ್ಚುವವರಿಲ್ಲ, ಒರೆಗೆ ಹಚ್ಚದ್ದನ್ನು ಆಧರಿಸಿ ನಡೆಯುವವರೂ ಇಲ್ಲ. ತರಗು ಬೆಂಕಿ ಜಾನಪದದ ಪ್ರಶ್ನೆಪತ್ರಿಕೆಯಲ್ಲಿ ಐದು ಅಂಕದ ಟಿಪ್ಪಣಿಯಾಗುವುದರಿಂದ ಏನೂ ಆಗದು. ಅದು ಬರಬೇಕಾದದ್ದು ಅರಣ್ಯ ಪದವಿಯ ಬೆಂಕಿ ನಿರ್ವಹಣೆಯ ಪಾಠದಲ್ಲಿ. ಶಿರಸಿ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳಲ್ಲಿ ಕಲಿತು ವಲಯ ಅರಣ್ಯಾಧಿಕಾರಿಯಾಗಲಿರುವ ಹುಡುಗ ಹುಡುಗಿಯರ ಮುಂದೆ ಅದು ಒಂದು ವಾದವಾಗಿ, ಪರೀಕ್ಷಿಸಬೇಕಾದ ಊಹೆಯಾಗಿ ನಿಲ್ಲಬೇಕು. ನನ್ನ ವಾದ ಇಷ್ಟೇ: ನೆಲದ ತಿಳಿವಳಿಕೆಗೆ ಕೊಡಬಹುದಾದ ದೊಡ್ಡ ಗೌರವವೆಂದರೆ ಅದನ್ನು ನಿಜವೋ ಸುಳ್ಳೋ ಆಗಬಲ್ಲ ಮಾತೆಂದು ತೆಗೆದುಕೊಳ್ಳುವುದು.

ಹಾಗೆಂದ ಮೇಲೆ ಮೊದಲ ಆಕ್ಷೇಪ ನೇರವಾಗಿಯೇ ಬರುತ್ತದೆ: ಅದು ಸುಳ್ಳೆಂದು ತೇಲಿದರೆ? ತೇಲಬಹುದು. ಲಂಟಾನ ಹಬ್ಬಲು ಬೆಂಕಿ ನಿಂತದ್ದೊಂದೇ ಕಾರಣವೆಂದು ಯಾರೂ ಸಾಧಿಸಿಲ್ಲ. ಮಳೆ, ದನ, ಹಕ್ಕಿ, ಹಿಂದೆ ಕಡಿದ ಮರ ಎಲ್ಲಕ್ಕೂ ಪಾಲಿರಬಹುದು. ಎಲ್ಲ ಹಿರಿಯರೂ ಒಂದೇ ಮಾತು ಹೇಳುವುದಿಲ್ಲ, ನೆನಪಿಗೆ ತನ್ನ ಕಾಲದ ಮೇಲೆ ಪ್ರೀತಿ ಇದ್ದೇ ಇರುತ್ತದೆ. ಇವೆಲ್ಲ ತರಗತಿಗೆ ತರಬಾರದೆನ್ನಲು ಕಾರಣಗಳಲ್ಲ, ತರಲು ಕಾರಣಗಳು. ಬೆಂಕಿ ಎಂದರೆ ಕೇಡು ಎಂಬ ಅರಣ್ಯಶಾಸ್ತ್ರದ ಸೂತ್ರವೂ ಒಮ್ಮೆ ನೆನಪಿನಂತೆ, ನಂಬಿಕೆಯಂತೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದ್ದು. ಅದನ್ನು ಸಾಲ ಕಾಡಿನ ಸಸಿಗಳು ಅಲುಗಿಸಿದವು. ವಿಜ್ಞಾನದ ಮಾತು ಬಿದ್ದಾಗ ನಾವು ವಿಜ್ಞಾನ ಮುಂದೆ ಹೋಯಿತು ಎನ್ನುತ್ತೇವೆ. ಸೋಲಿಗರ ಮಾತು ಎಲ್ಲೋ ತಪ್ಪಿದರೆ ಅವರ ತಿಳಿವಳಿಕೆಯೇ ಮೂಢನಂಬಿಕೆ ಎನ್ನುತ್ತೇವೆ. ಈ ಎರಡು ತಕ್ಕಡಿಗಳನ್ನು ಬಿಡಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ, ಏಕೆಂದರೆ ಅದರಲ್ಲಿ ಸುಟ್ಟ ಕಾಡಿನ ವಾಸನೆ ಇದೆ. 2019ರ ಫೆಬ್ರುವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಉರಿದುಹೋಯಿತು. ಆ ಚಿತ್ರಗಳನ್ನು ನೋಡಿದವರ ಎದುರು ಬೆಂಕಿಯ ಪಾಠ ಹೇಳುವುದೆಂದರೆ ಕಿಡಿಗೇಡಿಗಳ ಕೈಗೆ ನೆಪ ಕೊಟ್ಟಂತೆ ಎಂದು ಅರಣ್ಯ ಸಿಬ್ಬಂದಿ ಹೆದರಿದರೆ ಆ ಹೆದರಿಕೆ ನ್ಯಾಯವೇ. ಬೇಸಿಗೆಯಲ್ಲಿ ಹಸಿಸೊಪ್ಪು ಹಿಡಿದು ಬೆಂಕಿ ಬಡಿಯುವವರು ಅವರು. ಆದರೆ ಅವರೇ ಪ್ರತಿವರ್ಷ ಬೇಸಿಗೆಗೆ ಮುಂಚೆ ಬೆಂಕಿರೇಖೆಗಳನ್ನು ಸುಡುತ್ತಾರೆ. ಆ ಕೆಲಸಕ್ಕೂ ಬೆಂಕಿ ಕಾವಲಿಗೂ ಸುತ್ತಲಿನ ಬುಡಕಟ್ಟು ಜನರನ್ನೇ ಕರೆಯುತ್ತಾರೆ. ಅಂದರೆ ಹೊತ್ತರಿತು ಸುಡುವ ತತ್ವ ಇಲಾಖೆಯ ಕೆಲಸದಲ್ಲೇ ಇದೆ. ಕಾಡಿನ ಬೆಂಕಿಯನ್ನು ಹೊತ್ತು ಹೊತ್ತಾಗಿ, ಹದ ಹದವಾಗಿ ವಿಂಗಡಿಸಿ ನೋಡುವ ಕಣ್ಣನ್ನು ಕಲಿಸಿದರೆ ಕಿಡಿಗೇಡಿತನ ಹೆಚ್ಚುವುದೋ ಕಡಿಮೆಯಾಗುವುದೋ? ಉತ್ತರ ಆಸ್ಟ್ರೇಲಿಯದ ಆರ್ನೆಂ ಲ್ಯಾಂಡಿನಲ್ಲಿ 2006ರಿಂದ ಮೂಲನಿವಾಸಿ ರೇಂಜರುಗಳು ಒಣಗಾಲದ ಆರಂಭದಲ್ಲೇ ಸಣ್ಣ ಬೆಂಕಿಗಳನ್ನು ಹಾಕಿ, ಒಣಗಾಲದ ಕೊನೆಯ ದೊಡ್ಡ ಬೆಂಕಿಗಳನ್ನು ತಗ್ಗಿಸುವ ಕೆಲಸ ಸರ್ಕಾರದ ಒಪ್ಪಿಗೆಯಲ್ಲಿ, ಉಪಗ್ರಹದ ಅಳತೆಯೊಂದಿಗೆ ನಡೆಯುತ್ತಿದೆ. ಅಲ್ಲಿನ ಹುಲ್ಲುಗಾವಲು ಬೇರೆ, ನಮ್ಮ ಬೆಟ್ಟ ಬೇರೆ. ಹಾಗೇ ಎತ್ತಿ ತಂದು ಹಚ್ಚುವಂಥದ್ದಲ್ಲ. ಅನುಭವಿಗಳ ಕೈಯಲ್ಲಿ ಇದು ಅವ್ಯವಸ್ಥೆಯಾಗದೆ ನಡೆಯಬಲ್ಲದು ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಮೂರನೆಯ ಆಕ್ಷೇಪ ಹೆಚ್ಚಾಗಿ ಪೋಡುಗಳ ಒಳಗಿನಿಂದ ಬರುವಂಥದ್ದು, ಅದನ್ನು ಹಗುರವಾಗಿ ತಳ್ಳಿಹಾಕುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಮಕ್ಕಳಿಗೆ ಬೇಕಾದದ್ದು ಗಣಿತ, ಇಂಗ್ಲಿಷ್, ನೌಕರಿ. ಗೆಣಸು ಅಗೆಯುವುದನ್ನು, ಜೇನು ಕೀಳುವುದನ್ನು ಶಾಲೆಯಲ್ಲೂ ಕಲಿಸಿ ನಮ್ಮನ್ನು ಕಾಡಿನಲ್ಲೇ ಕಟ್ಟಿಹಾಕಬೇಡಿ. ಸೋಲಿಗ ತಂದೆತಾಯಿಗಳು ಹೀಗೆಂದರೆ ಅವರ ಹಿಂದೆ ನೂರು ವರ್ಷದ ಅವಮಾನವಿದೆ. ಬುಡಕಟ್ಟು ಮಕ್ಕಳಿಗಷ್ಟೇ ಬುಡಕಟ್ಟು ಜ್ಞಾನ ಎಂದು ಹಂಚಿಕೊಟ್ಟರೆ ಅದು ಹೊಸ ಬಗೆಯ ಬೇಲಿಯೇ ಆಗುತ್ತದೆ. ಆದ್ದರಿಂದ ಈ ಪಾಠದ ಭಾರ ಮೊದಲು ಬೀಳಬೇಕಾದದ್ದು ಬೆಂಗಳೂರಿನ, ಧಾರವಾಡದ, ಮೈಸೂರಿನ ಮಕ್ಕಳ ಮೇಲೆ. ನಾಳೆ ಆ ಕಾಡಿನ ಮೇಲೆ ಸಹಿ ಹಾಕುವವರು ಅವರೇ. ಸೋಲಿಗ ಮಗುವಿಗೆ ಗಣಿತವೂ ಇಂಗ್ಲಿಷೂ ಪೂರ್ತಿ ಸಿಗಬೇಕು, ಅದರ ಜೊತೆಗೆ ತನ್ನ ಅಜ್ಜಿ ಹೇಳುವುದನ್ನು ಅದೇ ಗಣಿತದಿಂದ ಅಳೆಯುವ ಅವಕಾಶವೂ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪರಿಸರ ಮತ್ತು ಕಲಿಕೆ ಕುರಿತು ಸಿದ್ಧವಾದ ವರದಿ ಈ ದಾರಿಯನ್ನೇ ತೋರಿಸಿತ್ತು: ಮಕ್ಕಳು ತಮ್ಮ ಸುತ್ತಲಿನ ಕೆರೆ, ಕಾಡು, ಹೊಲಗಳನ್ನು ತಾವೇ ಗಮನಿಸಿ ದಾಖಲಿಸಿ ಹೊಸ ತಿಳಿವಳಿಕೆಯನ್ನು ಹುಟ್ಟಿಸಬೇಕು. ಎರಡು ಲೋಕಗಳನ್ನೂ ಒಟ್ಟಿಗೆ ಹೊರಬಹುದು ಎಂಬುದಕ್ಕೆ ಬೆಟ್ಟದಲ್ಲೇ ಸಾಕ್ಷಿ ಇದೆ. ಸೋಲಿಗರಲ್ಲಿ ಮೊದಲು ಪಿಎಚ್.ಡಿ. ಪಡೆದ ಸಿ. ಮಾದೇಗೌಡರು ಸಾಂಪ್ರದಾಯಿಕ ತಿಳಿವಳಿಕೆ ಮತ್ತು ಸಂರಕ್ಷಣೆಯ ಬಗ್ಗೆ 2009ರಲ್ಲಿ ದೇಶದ ಹೆಸರಾಂತ ವಾರಪತ್ರಿಕೆಯಲ್ಲಿ ಬರೆದರು. ಹಿಂದೆ ಸಂಶೋಧಕರ ಲೇಖನಗಳ ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಬರುತ್ತಿದ್ದ ಸಮುದಾಯ ಅಲ್ಲಿ ಲೇಖಕನಾಗಿ ಬಂತು. 2022ರಲ್ಲಿ ಈ ಬೆಟ್ಟದಲ್ಲಿ ಸಿಕ್ಕ ಒಂದು ಹೊಸ ಕಣಜಕುಲಕ್ಕೆ ವಿಜ್ಞಾನಿಗಳು ಸೋಲಿಗ ಎಂದೇ ಹೆಸರಿಟ್ಟರು. ಅದು ಪ್ರೀತಿಯ ನಮನ. ಆದರೆ ಹುಳುವಿಗೆ ಹೆಸರಾಗುವುದಕ್ಕಿಂತ ಲೇಖನಕ್ಕೆ ಕರ್ತೃವಾಗುವುದು ದೊಡ್ಡದು.

ಕರ್ತೃತ್ವದ ಪ್ರಶ್ನೆ ಬಿಟ್ಟರೆ ಏನಾಗುತ್ತದೆಂಬುದನ್ನು ಕೇರಳದ ಕಾಣಿ ಜನರ ಪ್ರಸಂಗದಿಂದ ತಿಳಿಯಬಹುದು. 1987ರಲ್ಲಿ ಅಗಸ್ತ್ಯಮಲೆಯಲ್ಲಿ ಕಾಣಿ ಮಾರ್ಗದರ್ಶಕರು ತಿನ್ನುತ್ತಿದ್ದ ಆರೋಗ್ಯಪಚ್ಚ ಎಂಬ ಗಿಡದ ಕಾಯಿ ವಿಜ್ಞಾನಿಗಳ ಗಮನಕ್ಕೆ ಬಂದು, ಅದರಿಂದ ಜೀವನಿ ಎಂಬ ಔಷಧ ಹುಟ್ಟಿತು. ಪರವಾನಗಿ ಶುಲ್ಕದಲ್ಲೂ ರಾಯಧನದಲ್ಲೂ ಅರ್ಧ ಕಾಣಿಗಳಿಗೆ ಎಂದು ಔಷಧ ರೂಪಿಸಿದ ಸಂಸ್ಥೆ ಒಪ್ಪಿದ್ದು ಆ ಕಾಲಕ್ಕೆ ಅಪರೂಪದ ಹೆಜ್ಜೆ. ಆದರೂ ಹಣ ಕೈಸೇರಲು ವರ್ಷಗಳು ಹಿಡಿದವು, ಗಿಡ ಕೀಳುವುದಕ್ಕೆ ಅರಣ್ಯ ಇಲಾಖೆಯ ಅಡ್ಡಿ ಬಂತು. ಜ್ಞಾನವನ್ನು ಪಡೆಯುವ ಕೈಗೂ ಕಾಡನ್ನು ಆಳುವ ಕೈಗೂ ಮಾತುಕತೆ ಇರಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಭಾರತದ ಜ್ಞಾನದ ಪಟ್ಟಿಯಲ್ಲಿ ಬುಡಕಟ್ಟು ಜ್ಞಾನವನ್ನೂ ಹೆಸರಿಸುತ್ತದೆ. ಹೆಸರಿಸಿದ್ದು ಒಳ್ಳೆಯದೇ. ಆದರೆ ಲಿಖಿತ ಶಾಸ್ತ್ರಗ್ರಂಥಗಳನ್ನೂ ನಡೆದು ಕಲಿವ ಬಾಯಿಮಾತಿನ ತಿಳಿವಳಿಕೆಯನ್ನೂ ಒಂದೇ ಚೀಲಕ್ಕೆ ತುಂಬಿದರೆ, ಗ್ರಂಥವಿರುವುದೇ ಮೇಲೆ ಬರುತ್ತದೆ. ಶ್ಲೋಕವನ್ನು ಪುಸ್ತಕದಿಂದ ಕಲಿಸಬಹುದು. ಹುಲ್ಲಿನ ಬುಡವನ್ನು ಮುಟ್ಟಿ ಇವತ್ತು ಬೆಂಕಿ ಹಾಕಬಹುದೇ, ಇನ್ನೂ ನಾಲ್ಕು ದಿನ ಕಾಯಬೇಕೇ ಎಂದು ಹೇಳುವುದನ್ನು ಕಾಡಿನಲ್ಲಿ ನಿಂತಲ್ಲದೆ ಕಲಿಸಲು ಬರುವುದಿಲ್ಲ.

ಆದ್ದರಿಂದಲೇ ಈ ಚರಿತ್ರೆಯಲ್ಲಿ ಶಾಲೆಯನ್ನು ಹಕ್ಕಿನಿಂದ ಬೇರೆ ಮಾಡಲಾಗುವುದಿಲ್ಲ. ಸೋಲಿಗ ಹಿರಿಯರು ಸಂಶೋಧಕರೊಂದಿಗೆ ನಡೆದು ನಾನೂರಕ್ಕೂ ಹೆಚ್ಚು ಪವಿತ್ರ ಸ್ಥಳಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ಯೆಲ್ಲೆಗಳ ನಕ್ಷೆ ಮಾಡಿದರು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ, ಅಕ್ಟೋಬರ್ 2ರಂದು, 2006ರ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು; ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇದು ಮೊದಲು. ಆ ನಕ್ಷೆ ಮಾಡಿದ ನಡಿಗೆಯೇ ಒಂದು ವಿಶ್ವವಿದ್ಯಾಲಯವಾಗಿತ್ತು ಎಂದು ನನಗನ್ನಿಸುತ್ತದೆ: ಹಿರಿಯರು ಹೇಳಿದರು, ಕಿರಿಯರು ಉಪಕರಣ ಹಿಡಿದರು, ಫಲ ಇಬ್ಬರಿಗೂ ಸೇರಿತು. ಬೆಂಕಿಯನ್ನು ನಿಷೇಧಿಸುವ 30ನೇ ಕಲಂ ಮಾತ್ರ ಇದ್ದಲ್ಲೇ ಇದೆ. ಇಂದು ಹಠಾತ್ತನೆ ಅನುಮತಿ ಸಿಕ್ಕರೂ ತರಗು ಬೆಂಕಿಯನ್ನು ಹಾಗೇ ಹಾಕಲಾಗದು. ಎದೆಯೆತ್ತರ ಬೆಳೆದ ಲಂಟಾನಕ್ಕೆ ಕಿಡಿ ತಗುಲಿದರೆ ಅದು ತರಗಿನ ಬೆಂಕಿಯಾಗಿ ಉಳಿಯುವುದಿಲ್ಲ. ಮೊದಲು ಒಂದು ತಾಕಿನಲ್ಲಿ ಲಂಟಾನವನ್ನು ಬೇರುಸಹಿತ ತೆಗೆಯಬೇಕು. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ, ಆದ್ದರಿಂದ ತೆಗೆದದ್ದು ವ್ಯರ್ಥವಾಗಬೇಕಿಲ್ಲ. ಆಮೇಲೆ ಇಲಾಖೆಯ ಕಣ್ಣೆದುರಿಗೆ, ಹಿರಿಯರ ಮಾತಿನಂತೆ, ಒಂದು ತಾಕಿಗೆ ಬೆಂಕಿ ಹಾಕಿ, ಪಕ್ಕದ್ದನ್ನು ಹಾಗೇ ಬಿಟ್ಟು, ಹುಲ್ಲನ್ನೂ ನೆಲ್ಲಿಸಸಿಯನ್ನೂ ಉಪ್ಪಿಲನ್ನೂ ವರ್ಷವರ್ಷ ಎಣಿಸಬೇಕು. ಅರಣ್ಯ ಪದವಿಯ ವಿದ್ಯಾರ್ಥಿಗೂ ಪೋಡಿನ ಪ್ರೌಢಶಾಲೆಯ ಹುಡುಗಿಗೂ ಇದು ಒಂದೇ ಪ್ರಯೋಗವಾಗಬಲ್ಲದು. ಇದಕ್ಕೆ ತಕ್ಕ ತಿಂಗಳು ಜನವರಿ. ಹತ್ತನೇ ತರಗತಿಯ ಮಕ್ಕಳು ಪರೀಕ್ಷೆಯ ಪೂರ್ವಸಿದ್ಧತೆಯಲ್ಲಿ ಕೋಣೆಯೊಳಗೆ ಕೂತಿರುವ ತಿಂಗಳೂ ಅದೇ. 1974ರಲ್ಲಿ ಹದಿನೈದು ವರ್ಷದವರಾಗಿದ್ದು, ತಂದೆಯ ಹಿಂದೆ ನಡೆದು ತರಗಿಗೆ ಬೆಂಕಿ ಇಡುವುದನ್ನು ಕಣ್ಣಾರೆ ಕಂಡವರಿಗೆ ಈಗ ಅರವತ್ತೈದು ದಾಟಿದೆ.